ಕಿವಿಗೆ ತಕ್ಕ ಹೆಡ್‌ಫೋನ್, ಹೆಡ್‌ಫೋನಿಗೆ ತಕ್ಕ ಆಂಪ್ಲಿಫೈಯರ್



ಸಂಗೀತದ ವಿಷಯದಲ್ಲಿ ನಮ್ಮ ಜಿಲ್ಲೆ ಬಡ ಜಿಲ್ಲೆಯಲ್ಲ. ಜಯಪುರ-ಅತ್ರೌಲಿ ಘರಾಣೆಯ ಉಸ್ತಾದ್ ಅಲ್ಲಾದಿಯಾ ಖಾನರು ಶಾಹೂ ಛತ್ರಪತಿಗಳ ಕಾಲದಲ್ಲಿ ಕೊಲ್ಹಾಪುರದ ಆಸ್ಥಾನ ಗಾಯಕರಾಗಿದ್ದರು. ಅವರ ಮಕ್ಕಳಾದ ಮಂಜಿ ಖಾನ್ ಹಾಗೂ ಭುರ್ಜಿ ಖಾನರಲ್ಲಿ ಕಲಿತು ಧಾರವಾಡದ ಮಲ್ಲಿಕಾರ್ಜುನ ಮನಸೂರರು ಆ ಗಾಯಕಿಯನ್ನು ಕನ್ನಡ ನಾಡಿನಲ್ಲಿ ಬೆಳಗಿಸಿದರು. ಬಾಳಕೃಷ್ಣಬುವಾ ಇಚಲಕರಂಜೀಕರರು ತಮ್ಮ ಹೆಸರಿನೊಡನೆ ಇಚಲಕರಂಜಿಯ ಹೆಸರನ್ನೂ ದೇಶದ ತುಂಬ ಒಯ್ದರು. ಅವರ ಶಿಷ್ಯ ವಿಷ್ಣು ದಿಗಂಬರ ಪಲುಸ್ಕರರು 1872ರಲ್ಲಿ ಹುಟ್ಟಿದ್ದು ಸಮೀಪದ ಕುರುಂದವಾಡದಲ್ಲಿ.

ಅಂದು ಹಾಡು ಕೇಳಬೇಕಾದರೆ ಗಾಯಕರ ಎದುರಿಗೆ ಹೋಗಿ ಕೂಡಬೇಕಾಗಿತ್ತು. ಇಂದು ಆ ಹಾಡುಗಳೆಲ್ಲ ಜೇಬಿನ ಮೊಬೈಲಿನಲ್ಲಿವೆ. ಆದರೆ ಅವನ್ನು ಕಿವಿಗೆ ಮುಟ್ಟಿಸುವ ಸಾಧನವನ್ನು ಆರಿಸುವಾಗ ನಾವು ಬಣ್ಣ ನೋಡುತ್ತೇವೆ, ಜಾಹೀರಾತು ನೋಡುತ್ತೇವೆ. ನಮ್ಮ ಅಭಿರುಚಿಯನ್ನು ಮಾತ್ರ ವಿಚಾರಿಸುವುದಿಲ್ಲ. "ಗುರುಗಳೇ, ಹುಡುಗ ಹೆಡ್‌ಫೋನ್ ಬೇಕಂತ ಹಟ ಹಿಡದಾನ, ಯಾವುದು ಕೊಡಸೂದು?" ಎಂದು ಪಾಲಕರು ಕೇಳುವುದುಂಟು. ಆ ಪ್ರಶ್ನೆಗೆ ಇಲ್ಲಿ ಉತ್ತರಿಸಲು ಯತ್ನಿಸುತ್ತೇನೆ.

ಮೊದಲು ನಾದದ ವಿಚಾರ. ನಾದವೆಂದರೆ ಗಾಳಿಯ ಕಂಪನ. ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು ಹರ್ಟ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಎಳೆಯ ವಯಸ್ಸಿನ ಆರೋಗ್ಯವಂತ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಗಾಯಕರು ಹಾರ್ಮೋನಿಯಂನ ಕಪ್ಪು ಒಂದನ್ನು ಷಡ್ಜ ಮಾಡಿಕೊಂಡು ಹಾಡಿದರೆ ಅವರ ಮಧ್ಯ ಷಡ್ಜ ಸುಮಾರು 138 ಹರ್ಟ್ಸ್. ತಂಬೂರಿಯ ಮಂದ್ರ ತಂತಿ ಅದರ ಅರ್ಧ, ಅಂದರೆ ಸುಮಾರು 69 ಹರ್ಟ್ಸ್. ಆದರೆ ತಂಬೂರಿಯ ಝೇಂಕಾರ ಹುಟ್ಟುವುದು ಆ ಒಂದೇ ಕಂಪನದಿಂದಲ್ಲ, ಅದರ ಮೇಲೆ ಸಾವಿರಾರು ಹರ್ಟ್ಸ್‌ವರೆಗೆ ಹಬ್ಬಿದ ಉಪಸ್ವರಗಳಿಂದ. ಕೆಳಗಿನ ನಾದವನ್ನು ವಿಪರೀತ ಹಿಗ್ಗಿಸುವ ಹೆಡ್‌ಫೋನಿನಲ್ಲಿ ಈ ಉಪಸ್ವರಗಳು ಮುಚ್ಚಿಹೋಗುತ್ತವೆ. ತಬಲಾದ ಎಡಗೈ ಗುಡುಗುತ್ತದೆ, ಗಾಯಕರ ಮೀಂಡು ಮಸುಕಾಗುತ್ತದೆ.

ಆದ್ದರಿಂದ ಖಯಾಲ್, ಭಜನೆ, ವಚನಗಾಯನ, ಭಾವಗೀತೆ ಇವುಗಳಲ್ಲಿ ಆಸಕ್ತಿಯಿದ್ದವರು ಮಧ್ಯದ ಸ್ವರಗಳು ಸ್ಪಷ್ಟವಾಗಿರುವ, ಯಾವುದನ್ನೂ ಉಬ್ಬಿಸದ ಹೆಡ್‌ಫೋನನ್ನು ಆರಿಸಬೇಕು. ಡೊಳ್ಳು, ಹಲಗಿ ಅಥವಾ ಹೊಸ ಚಿತ್ರಗೀತೆಗಳ ತಾಳವೇ ಇಷ್ಟವಾದವರಿಗೆ ಕೆಳಗಿನ ನಾದ ತುಸು ಹೆಚ್ಚಿದ್ದರೆ ಬಾಧಕವಿಲ್ಲ. ಉಸ್ತಾದ್ ಅಬ್ದುಲ್ ಕರೀಂ ಖಾನರಂತಹ ಹಿರಿಯರ ಹಳೆಯ 78 ಸುತ್ತಿನ ತಟ್ಟೆಗಳ ಧ್ವನಿಯನ್ನು ಕೇಳುವವರು ಒಂದು ಮಾತು ನೆನಪಿಡಬೇಕು. ಆ ತಟ್ಟೆಗಳಲ್ಲಿ ಅತಿ ಕೆಳಗಿನ ಮತ್ತು ಅತಿ ಮೇಲಿನ ನಾದ ದಾಖಲಾಗಿಯೇ ಇಲ್ಲ. ಬಾವಿಯಲ್ಲಿ ಇಲ್ಲದ ನೀರು ಕೊಡಕ್ಕೆ ಬಾರದು; ಎಷ್ಟೇ ಬೆಲೆಯ ಹೆಡ್‌ಫೋನಾದರೂ ಇಲ್ಲದ್ದನ್ನು ಕೊಡಲಾರದು.

ಎರಡನೆಯದು ಹೆಡ್‌ಫೋನಿನ ರಚನೆ. ಹಿಂಬದಿ ತೆರೆದ ಹೆಡ್‌ಫೋನಿನಲ್ಲಿ ನಾದ ಸಹಜವಾಗಿ, ವಿಶಾಲವಾಗಿ ಕೇಳುತ್ತದೆ. ಆದರೆ ಹೊರಗಿನ ಸದ್ದು ಒಳಗೆ ಬರುತ್ತದೆ, ಒಳಗಿನದು ಹೊರಗೆ ಹೋಗುತ್ತದೆ. ಗಡಹಿಂಗ್ಲಜ ಭಾಗದ ಶಾಂತ ಹಳ್ಳಿಯ ಮನೆಗೆ ಅದು ಒಪ್ಪುತ್ತದೆ. ಇಚಲಕರಂಜಿಯಲ್ಲಿ ಮನೆಯ ಪಕ್ಕದಲ್ಲೇ ಮಗ್ಗಗಳು ಓಡುತ್ತಿದ್ದರೆ ಹಿಂಬದಿ ಮುಚ್ಚಿದ, ಕಿವಿಯನ್ನು ಪೂರ್ತಿ ಆವರಿಸುವ ಹೆಡ್‌ಫೋನೇ ಒಳ್ಳೆಯದು. ಕಾರಣವನ್ನು ಮುಂದೆ ಹೇಳುತ್ತೇನೆ.

ಮೂರನೆಯದು ಆಂಪ್ಲಿಫೈಯರ್, ಅಂದರೆ ಧ್ವನಿವರ್ಧಕ. ಸಣ್ಣ ವಿದ್ಯುತ್ ಸಂಕೇತವನ್ನು ಹೆಡ್‌ಫೋನ್ ನಡೆಸುವಷ್ಟು ಬಲಪಡಿಸುವುದು ಇದರ ಕೆಲಸ. ಹೆಡ್‌ಫೋನಿನ ವಿದ್ಯುತ್ ತಡೆಯನ್ನು ಓಮ್‌ಗಳಲ್ಲಿ ಹೇಳುತ್ತಾರೆ. ಮೊಬೈಲಿಗಾಗಿ ಮಾಡಿದವು ಸಾಮಾನ್ಯವಾಗಿ 16ರಿಂದ 32 ಓಮ್. ಸ್ಟುಡಿಯೋಗಳಲ್ಲಿ ಬಳಸುವ ಕೆಲವು 250, 300, 600 ಓಮ್ ಸಹ ಇರುತ್ತವೆ. ಹತ್ತನೆಯ ಇಯತ್ತೆಯವರು ಈ ಲೆಕ್ಕ ಮಾಡಬಲ್ಲರು: ವೋಲ್ಟಿನ ವರ್ಗವನ್ನು ಓಮಿನಿಂದ ಭಾಗಿಸಿದರೆ ಶಕ್ತಿ ದೊರೆಯುತ್ತದೆ. 1 ವೋಲ್ಟಿಗೆ 32 ಓಮಿನ ಹೆಡ್‌ಫೋನಿಗೆ ಸುಮಾರು 31 ಮಿಲಿವಾಟ್, 300 ಓಮಿನದಕ್ಕೆ ಕೇವಲ 3.3 ಮಿಲಿವಾಟ್ ಸಿಗುತ್ತದೆ.

ಹಾಗಾದರೆ ಎಲ್ಲರಿಗೂ ಪ್ರತ್ಯೇಕ ಆಂಪ್ಲಿಫೈಯರ್ ಬೇಕೇ? ಬೇಡ. ಡಬ್ಬಿಯ ಮೇಲೆ ಇನ್ನೊಂದು ಅಂಕಿ ಇರುತ್ತದೆ: 1 ಮಿಲಿವಾಟಿಗೆ ಎಷ್ಟು ಡೆಸಿಬೆಲ್ ಎಂಬುದು. ಅದು 100 ಡೆಸಿಬೆಲ್ ಇದ್ದರೆ, ಒಂದೇ ಮಿಲಿವಾಟಿನಿಂದ ಕಿವಿಗೆ ಅಪಾಯವಾಗುವಷ್ಟು ಸದ್ದು ಬಂತೆಂದೇ ಅರ್ಥ. ಹಿತವಾಗಿ ಕೇಳಲು ಅದರ ಒಂದು ಸಣ್ಣ ಅಂಶ ಸಾಕು. ಹೆಚ್ಚು ಓಮಿನ ಅಥವಾ ಕಡಿಮೆ ಡೆಸಿಬೆಲ್ಲಿನ ಹೆಡ್‌ಫೋನ್ ಕೊಂಡವರಿಗೆ ಮಾತ್ರ ಆಂಪ್ಲಿಫೈಯರ್ ಅವಶ್ಯ. ಕೊಳ್ಳುವುದೇ ಆದರೆ, ಆಂಪ್ಲಿಫೈಯರಿನ ಹೊರತಡೆ ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಭಾಗವನ್ನು ಮೀರದಂತೆ ನೋಡಿಕೊಳ್ಳುವುದು ರೂಢಿ. ಬ್ಲೂಟೂತ್ ಹೆಡ್‌ಫೋನಿನ ಹೊಟ್ಟೆಯೊಳಗೇ ಆಂಪ್ಲಿಫೈಯರ್ ಇರುವುದರಿಂದ, ಅದಕ್ಕೆ ಬೇರೊಂದನ್ನು ಕೊಳ್ಳುವುದು ವ್ಯರ್ಥ ಖರ್ಚು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಇಲ್ಲಿಯೂ ಸಲ್ಲುವ ಮಾತು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ತಾಸು ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ತಾಸು ಮಾತ್ರ. ಪವರ್‌ಲೂಮ್ ಶೆಡ್ಡಿನ ಸದ್ದು 90 ಡೆಸಿಬೆಲ್ ಮೀರುವುದುಂಟು. ಆ ಸದ್ದನ್ನು ಮುಳುಗಿಸಿ ಹಾಡು ಕೇಳಬೇಕೆಂದು ಹುಡುಗ ವಾಲ್ಯೂಮ್ ಏರಿಸಿದರೆ, ಅವನ ಕಿವಿಗೆ ಮಗ್ಗದ ಪೆಟ್ಟಿನ ಮೇಲೆ ಹಾಡಿನ ಪೆಟ್ಟೂ ಬೀಳುತ್ತದೆ. ಹಿಂಬದಿ ಮುಚ್ಚಿದ ಹೆಡ್‌ಫೋನ್ ಹೊರಗಿನ ಸದ್ದನ್ನು ತಡೆಯುವುದರಿಂದ ವಾಲ್ಯೂಮ್ ಏರಿಸುವ ಪ್ರಮೇಯ ಬರುವುದಿಲ್ಲ. ಗಣೇಶೋತ್ಸವದಲ್ಲಿ ನಮ್ಮ ಜನ 'ಡಾಲ್ಬಿ' ಎಂದು ಕರೆಯುವ ದೊಡ್ಡ ಧ್ವನಿವರ್ಧಕಗಳ ಎದುರು ಕುಣಿಯುವವರೂ ಇದನ್ನು ಯೋಚಿಸಬೇಕು. ಒಳಗಿವಿಯಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಮೇಲಿನ ಸ್ವರಗಳನ್ನು ಕೇಳುವ ಶಕ್ತಿ. ಆಮೇಲೆ ಗದ್ದಲದಲ್ಲಿ ಮಾತು ತಿಳಿಯದಂತಾಗುತ್ತದೆ. ಅನೇಕ ವರ್ಷ ಮಗ್ಗದ ಮುಂದೆ ದುಡಿದ ತಂದೆಯರಿಗೆ ಮಕ್ಕಳು ಒಂದೇ ಮಾತನ್ನು ಎರಡು ಸಲ ಕೂಗಿ ಹೇಳಬೇಕಾದ ಮನೆಗಳು ನಮ್ಮಲ್ಲಿವೆ. ಅವರು ಹೊಟ್ಟೆಪಾಡಿಗಾಗಿ ಕಿವಿಯನ್ನು ತೆತ್ತರು. ಅವರ ಮಕ್ಕಳು ಮನರಂಜನೆಗಾಗಿ ತೆರುವುದು ಸಲ್ಲದು.

ಪಾಲಕರಲ್ಲಿ ವಿನಂತಿ: ಅಂಗಡಿಗೆ ಹೋಗುವಾಗ ಮಗನಿಗೆ ಅಥವಾ ಮಗಳಿಗೆ ಚೆನ್ನಾಗಿ ಪರಿಚಯವಿರುವ ಎರಡು ಮೂರು ಹಾಡುಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿರಿ. ಎರಡು ಹೆಡ್‌ಫೋನುಗಳನ್ನು ಒಂದೇ ಮಟ್ಟದ ವಾಲ್ಯೂಮಿನಲ್ಲಿ ಕೇಳಿಸಿರಿ. ಹೆಚ್ಚು ಸದ್ದು ಮಾಡುವುದೇ ಉತ್ತಮವೆಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ. ಹತ್ತು ನಿಮಿಷ ತಲೆಯ ಮೇಲಿಟ್ಟರೂ ಭಾರವೆನಿಸದಿದ್ದರೆ ಕೊಳ್ಳಿರಿ. ಮನೆಯಲ್ಲಿ ವಾಲ್ಯೂಮನ್ನು ನೂರಕ್ಕೆ ಅರವತ್ತರ ಒಳಗೇ ಇಡಲು ಹೇಳಿರಿ. ರಸ್ತೆಯಲ್ಲಿ ನಡೆಯುವಾಗ, ಸೈಕಲ್ ಹೊಡೆಯುವಾಗ ಹೆಡ್‌ಫೋನ್ ಬೇಡವೇ ಬೇಡ.

ಅಲ್ಲಾದಿಯಾ ಖಾನರ ಶಿಷ್ಯೆ ಕೇಸರಬಾಯಿ ಕೇರಕರರ ಭೈರವಿಯನ್ನು 1977ರಲ್ಲಿ ವಾಯೇಜರ್ ನೌಕೆಗಳ ಸುವರ್ಣ ತಟ್ಟೆಯಲ್ಲಿರಿಸಿ ಆಕಾಶಕ್ಕೆ ಕಳಿಸಿದರು. ಅಲ್ಲಿ ಅದನ್ನು ಕೇಳುವ ಕಿವಿ ಇದೆಯೋ ಇಲ್ಲವೋ, ನಮಗಂತೂ ಇದೆ. ಅದನ್ನು ಜೋಪಾನ ಮಾಡಿಕೊಂಡು, ನಿಮಗೆ ಮೆಚ್ಚಿನ ಹಾಡನ್ನು ಬಹುಕಾಲ ಕೇಳುವಂತಾಗಿರಿ.