ಮೂರು ನಿಮಿಷದ ನಗುವಿಗೆ ಮೂರು ಸಾಲಿನ ವಿಮರ್ಶೆ

ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದು ತಮಿಳುನಾಡಿನಲ್ಲಿ, ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಯಲ್ಲಿ ಎಂದರೆ ಇವತ್ತಿಗೂ ಹುಬ್ಬೇರಿಸುವವರಿದ್ದಾರೆ. ಸತ್ಯಮಂಗಲದ ಕಡೆಯಿಂದ ದಿಂಬಂ ಘಾಟಿಯ 27 ತಿರುವು ಹತ್ತಿ ಮೇಲೆ ಬಂದರೆ ಸಿಗುವ ಈ ಬೆಟ್ಟದ ನಾಡಿಗೆ ತನ್ನ ಜಿಲ್ಲಾ ಕೇಂದ್ರಕ್ಕಿಂತ ಚಾಮರಾಜನಗರವೇ ಹತ್ತಿರ. ಸರ್ಕಾರದ ಬೋರ್ಡು ತಮಿಳು, ಜನರ ಬಾಯಿ ಕನ್ನಡ. ಇಲ್ಲಿಯ ಹುಡುಗ ಮುತ್ತುರಾಜ, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನುಹತ್ತಿ ಗುಬ್ಬಿ ಕಂಪನಿಯ ರಂಗ ಹತ್ತಿದ್ದು, 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ರಾಜ್‌ಕುಮಾರ್ ಆದದ್ದು ಎಲ್ಲರೂ ಬಲ್ಲ ಕಥೆ. ಅದೇ ಚಿತ್ರದಲ್ಲಿ ಇನ್ನೊಬ್ಬ ನಟ ತೆರೆಗೆ ಬಂದ: ಟಿ.ಆರ್. ನರಸಿಂಹರಾಜು. ಒಂದೇ ಚಿತ್ರದಿಂದ ಕನ್ನಡಕ್ಕೆ ನಾಯಕನೂ ಸಿಕ್ಕ, ನಗಿಸುವವನೂ ಸಿಕ್ಕ.

ನಾಯಕನ ಅಭಿನಯದ ಬಗ್ಗೆ ನಾವು ಪುಟಗಟ್ಟಲೆ ಬರೆದೆವು. ನರಸಿಂಹರಾಜು ಯಾವ ಮಾತಿಗೆ ಎಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಬಾಯಿ ಬಿಡುತ್ತಿದ್ದರು, ಕಣ್ಣನ್ನು ಯಾವ ಕಡೆ ಹೊರಳಿಸುತ್ತಿದ್ದರು ಎಂದು ಕೂತು ಬರೆದವರು ಎಷ್ಟು ಮಂದಿ? ಹಾಸ್ಯದ ವಿಷಯಕ್ಕೆ ಬಂದರೆ ನಮ್ಮ ವಿಮರ್ಶೆ ‘ನಗು ಉಕ್ಕಿಸುತ್ತಾರೆ’ ಎಂಬಲ್ಲಿಗೆ ಮುಗಿಯುತ್ತದೆ. ದೊಡ್ಡ ಪರದೆಯ ಕಾಲದಲ್ಲಿ ಇದು ಹೇಗೋ ನಡೆಯಿತು. ಈಗ ನಡೆಯುವುದಿಲ್ಲ. ಏಕೆಂದರೆ ನಗಿಸುವವರು ಈಗ ಗಾಂಧಿನಗರದಲ್ಲಿ ಮಾತ್ರ ಇಲ್ಲ, ಪ್ರತಿ ಊರಿನ ಟೀ ಅಂಗಡಿಯ ಬೆಂಚಿನ ಮೇಲಿದ್ದಾರೆ.

2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಅದೇ ವರ್ಷ ಇನ್‌ಸ್ಟಾಗ್ರಾಂ ರೀಲ್ಸ್, ಯೂಟ್ಯೂಬ್ ಶಾರ್ಟ್ಸ್ ಬಂದು ಆ ಜಾಗ ತುಂಬಿದವು. ಲಾಕ್‌ಡೌನಿನಲ್ಲಿ ದಾನಿಶ್ ಸೇಟ್ ಮನೆಯೊಳಗೇ ಕೂತು ನಾಲ್ಕಾರು ಪಾತ್ರಗಳ ಮಾತನ್ನು ಒಬ್ಬರೇ ಆಡಿ ನಗಿಸಿದರು. ‘ವಿಕ್ಕಿಪೀಡಿಯ’ ವಿಕಾಸ್ ಅವರ ರೀಲ್‌ನ ನಂದಿನಿ 2023ರಲ್ಲಿ ಕನ್ನಡ ಬಾರದವರ ಬಾಯಲ್ಲೂ ಕುಣಿದಳು. ಉತ್ತರ ಕರ್ನಾಟಕದ ಶಿವಪುತ್ರ ಯಶಾರದಾ ಅಂಥವರು ತಮ್ಮ ಸೀಮೆಯ ಮಾತನ್ನೇ ಬಂಡವಾಳ ಮಾಡಿಕೊಂಡರು. ಇವರೆಲ್ಲ ಗೆದ್ದವರು, ಇವರ ಚಿಂತೆ ನಮಗೆ ಬೇಡ. ಇವರ ಹಿಂದೆ ದೊಡ್ಡ ದಂಡೇ ಇದೆ: ಭಾನುವಾರ ಮಾತ್ರ ನಿರ್ದೇಶಕರಾಗುವ ಐಟಿಐ ಹುಡುಗರು, ಮದುವೆಮನೆ ವಿಡಿಯೊದವರು, ಕಾಲೇಜು ಮುಗಿಸಿ ಹೊಲಕ್ಕೆ ಮರಳಿದವರು. ಇವರ ಮೂರು ನಿಮಿಷದ ಚಿತ್ರಕ್ಕೆ ಸಿಗುವುದು ಗೆಳೆಯರ ‘ಸೂಪರ್ ಮಗಾ’ ಅಥವಾ ಗುರುತಿಲ್ಲದವರ ಬೈಗುಳ. ಎರಡರಿಂದಲೂ ಮುಂದಿನ ಚಿತ್ರ ಒಂದು ಗುಲಗಂಜಿಯಷ್ಟೂ ಸುಧಾರಿಸುವುದಿಲ್ಲ.

ಈ ಎರಡರ ನಡುವೆ ಒಂದು ಕಸುಬು ಇದೆ. ಹವ್ಯಾಸಿಗಳು ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ, ಅದರ ಎಲುಬು ಎಲ್ಲಿ ಸಡಿಲವಾಗಿದೆ ಎಂದು ಬರೆದು ಕಳಿಸುವುದು. ಜಗತ್ತಿನ ಹಲವು ಕಡೆ ಇದಕ್ಕೆಂದೇ ಬಳಗಗಳಿವೆ. 2001ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಶುರುವಾದ 48 ಗಂಟೆಯ ಚಿತ್ರಸ್ಪರ್ಧೆಯ ನಿಯಮ ನನಗೆ ಬಹಳ ಹಿಡಿಸಿದ್ದು. ಶುಕ್ರವಾರ ಸಂಜೆ ತಂಡಗಳು ಚೀಟಿ ಎತ್ತುತ್ತವೆ. ಹಾಸ್ಯ ಬಂದರೆ ಹಾಸ್ಯ, ದೆವ್ವ ಬಂದರೆ ದೆವ್ವ. ಜೊತೆಗೆ ಎಲ್ಲ ತಂಡಕ್ಕೂ ಒಂದೇ ಪಾತ್ರ, ಒಂದೇ ವಸ್ತು, ಒಂದೇ ಮಾತು ಕೊಡುತ್ತಾರೆ; ಅವು ಚಿತ್ರದಲ್ಲಿ ಬರಲೇಬೇಕು. ಹಳೆಯದನ್ನು ಬೆಚ್ಚಗೆ ಮಾಡಿ ಬಡಿಸಲು ಆಗಬಾರದು ಎಂಬುದಕ್ಕೆ ಈ ಉಪಾಯ. ಭಾನುವಾರ ಸಂಜೆಗೆ ಚಿತ್ರ ಕೈಗೆ ಬರಬೇಕು. ಎಲ್ಲರದೂ ಒಂದೇ ಸಾಮಗ್ರಿ, ಅಡುಗೆ ಬೇರೆ ಬೇರೆ. ವಿಮರ್ಶೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ನಮ್ಮಲ್ಲಿ 1971ರ ಬೆಂಗಳೂರಿನ ಸುಚಿತ್ರಾ, 1973ರ ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಸಿನಿಮಾ ನೋಡಿ ಕೂತು ಚರ್ಚಿಸುವ ರೂಢಿ ಕಲಿಸಿದವು. ಬೆಂಗಳೂರಿನ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ 2010ರಿಂದ ನಡೆದು ಬಂದಿದೆ. ಆದರೆ ಅಲ್ಲೆಲ್ಲ ಗಂಭೀರ ಚಿತ್ರಕ್ಕೆ ಮಣೆ, ಹಾಸ್ಯಕ್ಕೆ ಜಗಲಿ.

ಹಾಸ್ಯಚಿತ್ರವನ್ನು ನೋಡುವುದು ಕಲಿಯಲು ಮೊದಲ ಹಾಸ್ಯಚಿತ್ರವೇ ಸಾಕು. 1895ರಲ್ಲಿ ಪ್ಯಾರಿಸ್ಸಿನಲ್ಲಿ ಲ್ಯೂಮಿಯೇರ್ ಸೋದರರು ತೋರಿಸಿದ, ಒಂದು ನಿಮಿಷವೂ ಇಲ್ಲದ ತುಣುಕು. ತೋಟದವನು ಪೈಪು ಹಿಡಿದು ಗಿಡಕ್ಕೆ ನೀರು ಬಿಡುತ್ತಿದ್ದಾನೆ. ಒಬ್ಬ ಹುಡುಗ ಹಿಂದಿನಿಂದ ಬಂದು ಪೈಪಿನ ಮೇಲೆ ಕಾಲಿಡುತ್ತಾನೆ. ನೀರು ನಿಂತಿತು. ತೋಟದವನು ಪೈಪಿನ ಬಾಯಿಯನ್ನು ಮುಖಕ್ಕೆ ಹಿಡಿದು ಇಣುಕುತ್ತಾನೆ. ಹುಡುಗ ಕಾಲು ಎತ್ತಿದ, ನೀರು ಮುಖಕ್ಕೆ. ನಗು ಎಲ್ಲಿದೆ? ಮುಖಕ್ಕೆ ನೀರು ಬಿದ್ದಾಗ ಅಲ್ಲ, ಅದಕ್ಕೆ ಮುಂಚೆ, ಅವನು ಇಣುಕುವಾಗಲೇ ಶುರುವಾಗಿದೆ. ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು. ಹುಡುಗನನ್ನು ನಮಗೆ ಮೊದಲೇ ತೋರಿಸದೆ ನೀರು ಮಾತ್ರ ಚಿಮ್ಮಿಸಿದ್ದರೆ ಅದು ಬರೀ ಬೆಚ್ಚಿಬೀಳುವ ದೃಶ್ಯ. ಇನ್ನೂ ಒಂದು ಮಜಾ ಇದೆ. ತೋಟದವನು ಓಡಿದ ಹುಡುಗನನ್ನು ಹಿಡಿದು ಅಲ್ಲೇ ಬಾರಿಸುವುದಿಲ್ಲ. ಕ್ಯಾಮೆರಾದ ಮುಂದಕ್ಕೆ ಎಳೆದು ತಂದು ಬಾರಿಸುತ್ತಾನೆ. ಕ್ಯಾಮೆರಾ ಜಾಗ ಬಿಟ್ಟು ಕದಲುವಂತಿರಲಿಲ್ಲ, ಹೊಡೆತ ನಮಗೆ ಕಾಣಬೇಕಿತ್ತು. ಇವತ್ತಿನ ಹವ್ಯಾಸಿ ಚಿತ್ರಗಳಲ್ಲಿ ಅರ್ಧಕ್ಕರ್ಧ ಕೆಡುವುದು ಈ ಎರಡು ಕಡೆಯೇ: ನೋಡುವವರಿಗೆ ಮೊದಲು ಹೇಳಬೇಕಾದ್ದನ್ನು ಮುಚ್ಚಿಡುತ್ತಾರೆ, ಇಲ್ಲವೇ ಮುಖ್ಯವಾದದ್ದು ಚೌಕಟ್ಟಿನ ಹೊರಗೆ ನಡೆದುಹೋಗುತ್ತದೆ.

ಎರಡನೆಯ ಪಾಠಕ್ಕೆ ಬಸ್ಟರ್ ಕೀಟನ್ ಬೇಕು. 1920ರ ಅವನ ‘ಒನ್ ವೀಕ್’ ಎಂಬ ಕಿರುಚಿತ್ರದಲ್ಲಿ ಹೊಸ ಮದುಮಕ್ಕಳು ತಾವೇ ಜೋಡಿಸಿದ ಮನೆಯನ್ನು ಎಳೆದುಕೊಂಡು ಹೋಗುವಾಗ ಅದು ರೈಲುಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ರೈಲು ಬರುತ್ತಿದೆ. ಇಬ್ಬರೂ ಕಣ್ಣು ಮುಚ್ಚುತ್ತಾರೆ. ರೈಲು ಪಕ್ಕದ ಹಳಿಯಲ್ಲಿ ದಾಟಿಹೋಗುತ್ತದೆ. ಉಸಿರು ಬಿಟ್ಟೆವು ಅನ್ನುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಪುಡಿ ಮಾಡುತ್ತದೆ. ನಾವು ಕಾದ ಕಡೆಯಿಂದ ಬಾರದೆ ಇನ್ನೊಂದು ಕಡೆಯಿಂದ ಬರುವುದೇ ಇಲ್ಲಿಯ ಕೈಚಳಕ. ಮೊದಲ ರೈಲನ್ನು ಇಟ್ಟುಕೊಂಡು ಎರಡನೆಯದನ್ನು ಮರೆಯುವ ಚಿತ್ರಗಳನ್ನೇ ನಾವು ದಿನಾ ನೋಡುತ್ತೇವೆ.

ಇನ್ನು ನಟನೆ. ಹವ್ಯಾಸಿ ಚಿತ್ರದಲ್ಲಿ ನಟ ತಾನೇ ನಗುತ್ತಾನೆ, ಕಣ್ಣು ಅಗಲ ಮಾಡುತ್ತಾನೆ, ಒಂದೊಂದು ಮಾತಿಗೂ ಒಂದು ‘ಟೊಂಯ್’ ಸದ್ದು. ಇದಕ್ಕೆ ಮದ್ದು ಬೇಕಾದರೆ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದ ರಾಮ್ ರೆಡ್ಡಿಯವರ ‘ತಿಥಿ’ ನೋಡಬೇಕು. ಮಂಡ್ಯ ಕಡೆಯ ಹಳ್ಳಿಯ ಜನರೇ ಅದರಲ್ಲಿ ಪಾತ್ರಧಾರಿಗಳು. ಗಡ್ಡಪ್ಪನಾದ ಚನ್ನೇಗೌಡರು ನಗಿಸಲು ಹೋಗುವುದೇ ಇಲ್ಲ. ಅವರು ನಡೆದುಕೊಂಡು ಹೋಗುತ್ತಿರುತ್ತಾರೆ ಅಷ್ಟೆ, ಉಳಿದವರ ಆಸ್ತಿಯ ಗಡಿಬಿಡಿ ಅವರ ಸುತ್ತ ಸುತ್ತುತ್ತದೆ. ಎರೇಗೌಡರು ಬರೆದ ಆ ಸಂದರ್ಭಗಳೇ ನಗಿಸುವ ಹೊಣೆ ಹೊತ್ತಿವೆ. ವೃತ್ತಿನಟರಲ್ಲಿ ಟಿ.ಎನ್. ಬಾಲಕೃಷ್ಣ ನೆನಪಾಗುತ್ತಾರೆ. ಕಿವಿ ಸರಿಯಾಗಿ ಕೇಳದ ಅವರು ಎದುರಿನವರ ತುಟಿ ನೋಡಿ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. ತನ್ನ ಮಾತು ಯಾವಾಗ ಬರುತ್ತದೋ ಎಂದು ಕಾಯುವುದಲ್ಲ, ಎದುರಿನವನನ್ನು ನೋಡುವುದು. ಫೋನಿನ ಮುಂದೆ ನಿಲ್ಲುವ ಎಷ್ಟೋ ಹುಡುಗರು ಎದುರಿನ ಪಾತ್ರವನ್ನೇ ನೋಡುವುದಿಲ್ಲ, ಫೋನನ್ನು ನೋಡುತ್ತಾರೆ.

ಹಾಗೆಂದು ತಪ್ಪು ಪಟ್ಟಿ ಮಾಡುವುದು ವಿಮರ್ಶೆಯಲ್ಲ. ತಾಳವಾಡಿಯ ಪಕ್ಕದ ಗುಮಟಾಪುರದಲ್ಲಿ ದೀಪಾವಳಿಯ ಮಾರನೆಯ ದಿನ ಗೊರೆಹಬ್ಬ ನಡೆಯುತ್ತದೆ. ಊರ ಗಂಡಸರು ಸಗಣಿಯ ಗುಡ್ಡೆಯ ಮೇಲೆ ಬಿದ್ದು ಒಬ್ಬರಿಗೊಬ್ಬರು ಎರಚಿಕೊಳ್ಳುವ ಆ ಹಬ್ಬವನ್ನು ದೂರದವರು ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಈ ಎರಚಾಟಕ್ಕೆ ಮೊದಲು ಒಬ್ಬನಿಗೆ ಹುಲ್ಲಿನ ಗಡ್ಡಮೀಸೆ ಕಟ್ಟಿ ಕತ್ತೆಯ ಮೇಲೆ ಮೆರೆಸುತ್ತಾರೆ. ಅವನು ಚಾಡಿಕೋರ, ಒಬ್ಬರ ಮೇಲೆ ಇನ್ನೊಬ್ಬರಿಗೆ ಚಾಡಿ ಹೇಳುವವನು. ಸಿನಿಮಾ ಬರಹಗಾರರಲ್ಲಿ ಕತ್ತೆ ಸವಾರಿಗೆ ಅರ್ಹರು ಬೇಕಾದಷ್ಟು ಮಂದಿ ಇದ್ದೇವೆ. ಚಾಡಿ ಬೆನ್ನ ಹಿಂದಿನ ಮಾತು. ವಿಮರ್ಶೆ ಎಂದರೆ ಚಿತ್ರ ಮಾಡಿದವನ ಎದುರಿಗೇ ಹೇಳುವ ಮಾತು, ಅದೂ ಅವನು ನಾಳೆ ಏನಾದರೂ ಮಾಡಲು ಆಗುವಂಥದ್ದು.

ಒಂದು ಚಿತ್ರವನ್ನು ಊಹಿಸಿಕೊಂಡೇ ನೋಡೋಣ. ತಾಳವಾಡಿಯ ಸಂತೆಬೀದಿ, ನಾಲ್ಕು ನಿಮಿಷ. ಒಬ್ಬ ತಾತನಿಗೆ ತಮಿಳಿನಲ್ಲಿ ಒಂದು ಕಾಗದ ಬಂದಿದೆ. ಟೀ ಅಂಗಡಿಯವನ ಕೈಗೆ ಕೊಟ್ಟು, “ಯಾನ ಬರ್ದದ ನೋಡ್ಲಾ ಮಗ” ಅನ್ನುತ್ತಾನೆ. ಇವನಿಗೆ ಓದಲು ಬಾರದು, ಒಪ್ಪಿಕೊಳ್ಳಲು ನಾಚಿಕೆ. “ಕನ್ನಡಕ ಮರ್ತ್ ಬಂದಿನಿ ತಾತ.” ತಾತ ತನ್ನ ಕನ್ನಡಕವನ್ನೇ ತೆಗೆದು ಕೊಡುತ್ತಾನೆ. ಈಗ ತಪ್ಪಿಸಿಕೊಳ್ಳುವಂತಿಲ್ಲ. ಅಂಗಡಿಯವನು ಕಾಗದದ ಮೇಲೆ ಕಣ್ಣಾಡಿಸಿ, “ಒಳ್ಳೆ ಸುದ್ದಿನೇಯ” ಅನ್ನುತ್ತಾನೆ. ತಾತ ಖುಷಿಯಾಗಿ ಎಲ್ಲರಿಗೂ ಟೀ ಹೇಳುತ್ತಾನೆ. ಮುಂದಿನವನು ಅದೇ ಕನ್ನಡಕ ಹಾಕಿಕೊಂಡು ಜಮೀನು ಹೋಯಿತು ಅನ್ನುತ್ತಾನೆ. ಕೊನೆಗೆ ಶಾಲೆಯಿಂದ ಬರುವ ಮೊಮ್ಮಗಳು ಕನ್ನಡಕವಿಲ್ಲದೆ ಗಳಗಳ ಓದುತ್ತಾಳೆ: ಕಾಗದ ಪಕ್ಕದ ಮನೆಯವರದು. ಎಲ್ಲರೂ ಹಣೆ ಚಚ್ಚಿಕೊಳ್ಳುತ್ತಾರೆ, ಸಂಗೀತ ಮೊಳಗುತ್ತದೆ, ‘ಎಲ್ಲ ಭಾಷೆ ಕಲಿಯೋಣ’ ಎಂಬ ಅಕ್ಷರ ಮೂಡುತ್ತದೆ.

ಕಥೆಗೆ ನೆಲದ ಬಲ ಇದೆ. ತಮಿಳುನಾಡಿನ 2006ರ ಕಾಯ್ದೆ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಹಿರಿಯರಿಗೆ ಬಾರದ ಲಿಪಿ ಮೊಮ್ಮಕ್ಕಳಿಗೆ ಬರುವುದು ಈ ಸೀಮೆಯ ದಿನನಿತ್ಯ. ಆ ಕಾಯ್ದೆಯ ಬಗ್ಗೆ ಗಡಿ ಕನ್ನಡಿಗರಿಗೆ ಇರುವ ಆತಂಕ ಸಣ್ಣದಲ್ಲ. ಆದರೆ ಚಿತ್ರ ಭಾಷಣ ಮಾಡದೆ ಅದನ್ನು ಒಂದು ಕನ್ನಡಕದಲ್ಲಿ ಹಿಡಿದಿದೆ. ಇಷ್ಟನ್ನು ಮೊದಲು ಹೇಳಬೇಕು, ಏಕೆಂದರೆ ತನ್ನ ಚಿತ್ರದಲ್ಲಿ ಚೆನ್ನಾಗಿರುವುದು ಯಾವುದು ಎಂದು ಮಾಡಿದವನಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಈ ಚಿತ್ರ ಮಾಡಿದ ಹುಡುಗರು ತಮ್ಮ ಪಂಚ್ ಪಕ್ಕದ ಮನೆಯ ವಿಳಾಸ ಎಂದುಕೊಂಡಿದ್ದಾರೆ. ಅಲ್ಲ, ತಾತ ಕನ್ನಡಕ ತೆಗೆದುಕೊಡುವ ಕ್ಷಣ. ಅದನ್ನು ದೂರದಿಂದ ತೆಗೆದಿದ್ದಾರೆ, ಅಂಗಡಿಯವನ ಮುಖ ಕಾಣುವುದೇ ಇಲ್ಲ. ಹತ್ತಿರ ಹೋಗಿ ಎರಡು ಸೆಕೆಂಡು ಅವನ ಮುಖದ ಮೇಲೇ ನಿಲ್ಲಬೇಕಿತ್ತು.

ಎರಡನೆಯ ಮಾತು ಕೊನೆಯ ಬಗ್ಗೆ. ಹಣೆ ಚಚ್ಚಿಕೊಳ್ಳುವುದು, ಸಂಗೀತ, ಉಪದೇಶ ಮೂರನ್ನೂ ತೆಗೆಯಿರಿ. ಮೊಮ್ಮಗಳು ಓದಿದ ಮೇಲೆ ತಾತ ಕಾಗದ ಮಡಚಿ, “ಹಂಗಾರ ಆ ಟೀ ದುಡ್ಡು ಪಕ್ಕದ್ಮನೆಯವರ ಲೆಕ್ಕಕ್ಕ ಬರ್ಕೋ” ಅಂದರೆ ಅದೇ ಎರಡನೆಯ ರೈಲು. ಮೂರನೆಯದು ಸದ್ದು: ಬೆಟ್ಟದ ಗಾಳಿ ಮೈಕಿಗೆ ಬಡಿದು ತಾತನ ಅರ್ಧ ಮಾತು ಕೇಳುತ್ತಿಲ್ಲ. ಇನ್ನೊಂದು ಫೋನನ್ನು ತಾತನ ಅಂಗಿ ಜೇಬಿನಲ್ಲಿ ಇಟ್ಟು ಧ್ವನಿ ತೆಗೆದುಕೊಂಡು ಆಮೇಲೆ ಜೋಡಿಸಿದರೆ ಕಾಸು ಖರ್ಚಿಲ್ಲದೆ ಮುಗಿಯುತ್ತದೆ. ಇನ್ನುಳಿದ ಹತ್ತು ತಪ್ಪುಗಳನ್ನು ಈ ಸಲ ಬಿಡಬಹುದು. ಮೂರು ಮಾತು ಹೊತ್ತು ಹೋದವನು ಮತ್ತೆ ಬರುತ್ತಾನೆ, ಹದಿಮೂರು ಹೊತ್ತವನು ಬರುವುದಿಲ್ಲ.