ಮನೆ ಬೆಕ್ಕಿಗೂ ಲಸಿಕೆ ಬೇಕು: ಯಾವುದು, ಯಾವಾಗ?

ಎಮ್ಮೆ, ಎತ್ತಿಗೆ ಕಾಲುಬಾಯಿ ರೋಗದ ಲಸಿಕೆ ನಾವು ತಪ್ಪಿಸೋದಿಲ್ಲ. ಆದರೆ ಬೆಕ್ಕಿಗೆ ಲಸಿಕೆ ಅಂದ್ರ ನಮ್ಮ ಬಿಜ್ಜರಗಿ ಕಡೆ ಜನ ನಗ್ತಾರ. ನಾನೂ ನಕ್ಕವನೇ.

ಜೋಳದ ಚೀಲ, ಒಣದ್ರಾಕ್ಷಿ ಇಲಿ ಪಾಲಾಗಬಾರದು ಅಂತ ತೋಟದ ಮನೆಯಲ್ಲಿ ಬೆಕ್ಕು ಸಾಕಿದ್ದೆ. ಅದಕ್ಕೆ ಎರಡು ತಿಂಗಳ ಮೂರು ಮರಿ. ಒಂದಿನ ಒಂದು ಮರಿ ವಾಂತಿ ಮಾಡಿ, ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂತಿತು, ಕುಡಿಯಲಿಲ್ಲ. "ಯಾರೋ ವಿಷ ಹಾಕ್ಯಾರ" ಅಂದಳು ಅವ್ವ. ಐದು ದಿನದಲ್ಲಿ ಮೂರೂ ಹೋದವು. ತಿಂಗಳಾದ ಮೇಲೆ ಟಿಕೋಟಾದಿಂದ ತಂದ ಮರಿಯೂ ಹಾಗೇ ಸತ್ತಿತು. ಆಗ ಪಶುವೈದ್ಯರನ್ನ ಕೇಳಿದೆ. "ವಿಷ ಅಲ್ಲ ತಮ್ಮಾ, ಪ್ಯಾನ್‌ಲ್ಯೂಕೋಪೇನಿಯಾ ಇದ್ದಂಗದ" ಅಂದರು.

ಇದು ಪಾರ್ವೊ ಜಾತಿಯ ವೈರಸ್. ಕರುಳನ್ನೂ ರಕ್ತದ ಬಿಳಿ ಕಣಗಳನ್ನೂ ಹಾಳು ಮಾಡುತ್ತದೆ. ನೆಲ, ಚೀಲ, ಬಟ್ಟಲಿನಲ್ಲಿ ಒಂದು ವರ್ಷದ ತನಕ ಬದುಕಬಲ್ಲದು. ಹೊಸ ಮರಿ ಸತ್ತದ್ದು ಇದಕ್ಕೇ. ಮಾಮೂಲಿ ಫಿನಾಯಿಲ್‌ಗೆ ಇದು ಬಗ್ಗೋದಿಲ್ಲ. ಮೊದಲು ಕಸ ತೊಳೆದು, ಆಮೇಲೆ ಬ್ಲೀಚಿಂಗ್ ದ್ರಾವಣ ಹಾಕಬೇಕು.

ಬೇಕಾದ ಲಸಿಕೆ ಎರಡು

1. ಮೂರು ರೋಗಕ್ಕೆ ಒಂದೇ ಲಸಿಕೆ: ಪ್ಯಾನ್‌ಲ್ಯೂಕೋಪೇನಿಯಾ ಜೊತೆಗೆ ಬೆಕ್ಕಿನ ನೆಗಡಿ, ಕಣ್ಣು-ಬಾಯಿ ಹುಣ್ಣು ತರುವ ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳಿಗೂ ಇದೇ. ಮೊದಲ ಡೋಸ್ 8 ವಾರಕ್ಕೆ, ಆಮೇಲೆ 3–4 ವಾರಕ್ಕೊಮ್ಮೆ 16 ವಾರ ತುಂಬುವ ತನಕ. ಇಷ್ಟು ಸಲ ಯಾಕೆ? ತಾಯಿ ಹಾಲಿನಿಂದ ಬಂದ ರಕ್ಷಣೆಯೇ ಲಸಿಕೆ ಕೆಲಸ ಮಾಡದಂತೆ ತಡೀತದ. ಅದು ಇಳಿದ ಮೇಲಷ್ಟೇ ಲಸಿಕೆ ಹತ್ತೋದು. ವರ್ಷದೊಳಗೆ ಇನ್ನೊಂದು ಬೂಸ್ಟರ್.

2. ರೇಬೀಸ್: 12 ವಾರ ತುಂಬಿದ ಮೇಲೆ ಒಂದು, ವರ್ಷಕ್ಕೆ ಮತ್ತೊಂದು, ಮುಂದೆ ವೈದ್ಯರು ಹೇಳಿದಂತೆ. ಇದು ಬೆಕ್ಕಿಗಷ್ಟೇ ಅಲ್ಲ, ನಮ್ಮ ಮಕ್ಕಳಿಗೂ ಕಾವಲು. ಹುಚ್ಚುನಾಯಿ ಕಚ್ಚಿದ ಬೆಕ್ಕು ಮನೆಯವರಿಗೂ ರೇಬೀಸ್ ಹಬ್ಬಿಸಬಹುದು. ಬೆಕ್ಕು ಕಚ್ಚಿದರೆ, ಪರಚಿದರೆ ಸುಣ್ಣ, ಅರಿಶಿನ ಹಚ್ಚಬ್ಯಾಡ್ರಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗ್ರಿ. ಬೆಕ್ಕಿಗೆ ಲಸಿಕೆ ಆಗಿದ್ದರೂ ಇದನ್ನ ತಪ್ಪಿಸಬ್ಯಾಡ್ರಿ.

ನೆನಪಿರಲಿ

- ಜ್ವರ, ಭೇದಿ ಇರುವ ಅಥವಾ ಗಬ್ಬದ ಬೆಕ್ಕಾದರೆ ವೈದ್ಯರಿಗೆ ಮೊದಲೇ ಹೇಳಿ.
- ಲಸಿಕೆ 2–8 ಡಿಗ್ರಿ ತಂಪಿನಲ್ಲಿರಬೇಕು. ನಮ್ಮ ಬಿಸಿಲಿನಲ್ಲಿ ಜೇಬಿನಲ್ಲಿಟ್ಟು ತಂದರೆ ಕೆಟ್ಟಿತು. ಬೆಕ್ಕನ್ನೇ ಒಯ್ಯಿರಿ.
- ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಮಂಕಾಗಿರೋದು ಸಹಜ. ಮುಖ ಬಾತರೆ, ಉಸಿರು ಕಟ್ಟಿದರೆ ತಕ್ಷಣ ವೈದ್ಯರ ಹತ್ತಿರ ಓಡ್ರಿ.
- ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ.

ಮೂರು ರೋಗದ ಲಸಿಕೆ ಎಲ್ಲ ಕಡೆ ಸ್ಟಾಕ್ ಇರೋದಿಲ್ಲ. ವಿಜಯಪುರಕ್ಕೆ ಹೊರಡುವ ಮೊದಲು ಕ್ಲಿನಿಕ್‌ಗೆ ಫೋನ್ ಮಾಡಿ. ರೇಬೀಸ್ ಲಸಿಕೆಗೆ ಹತ್ತಿರದ ಪಶು ಚಿಕಿತ್ಸಾಲಯದಲ್ಲಿ ಕೇಳಿ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಉಚಿತ ಶಿಬಿರ ಉಂಟೇನು ಅಂತಲೂ ವಿಚಾರಿಸಿ.

ಬೈಕ್ ಮೇಲೆ ಒಯ್ಯೋದು ಹ್ಯಾಂಗ? ದ್ರಾಕ್ಷಿ ಕ್ರೇಟ್ ಎರಡನ್ನ ಬಾಯಿಗೆ ಬಾಯಿ ಹಚ್ಚಿ ಹಗ್ಗ ಕಟ್ಟಿ, ಮೇಲೆ ಹಸಿ ಬಟ್ಟೆ ಹೊದಿಸಿ. ನಾನು ಹಾಗೇ ಒಯ್ದೆ. ಲಸಿಕೆ ಕಾರ್ಡಿನ ಫೋಟೊ ಮೊಬೈಲ್‌ನಲ್ಲಿಟ್ಟು, ಮುಂದಿನ ತಾರೀಖಿಗೆ ರಿಮೈಂಡರ್ ಹಾಕಿದೀನಿ. ಈಗಿರುವ ಬೆಕ್ಕಿಗೆ ಎರಡು ವರ್ಷ ತುಂಬಿತು. ಅವ್ವ ಈಗ ನಗೋದಿಲ್ಲ, "ಅದರ ಸೂಜಿ ಯಾವಾಗ?" ಅಂತ ಕೇಳ್ತಾಳ.