ಕೆಲಸ ಕೇಳಿದ ದಿನಾಂಕ

ಹಳ್ಳಿಯ ಕುಟುಂಬವೊಂದು ಕೂಲಿ ಕೆಲಸ ಬೇಕೆಂದು ಕೇಳಿದರೆ ಸರ್ಕಾರ ಕೊಡಲೇಬೇಕು ಎನ್ನುವ ಕಾನೂನು ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ ಎಂಬ ಅದರ ಹೆಸರಿಗೆ 2009ರಲ್ಲಿ ಮಹಾತ್ಮ ಗಾಂಧಿಯವರ ಹೆಸರು ಸೇರಿತು. ಜನರ ಬಾಯಲ್ಲಿ ಅದು ‘ನರೇಗಾ’, ಇಲ್ಲವೇ ಬರೀ ‘ಖಾತ್ರಿ ಕೆಲಸ’. 2006ರ ಫೆಬ್ರುವರಿ 2ರಂದು ಅದಕ್ಕೆ ಚಾಲನೆ ಸಿಕ್ಕಿದ್ದು ಆಂಧ್ರದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಮಳೆಯಲ್ಲೂ ಮಣ್ಣಿನಲ್ಲೂ ಮಾತಿನಲ್ಲೂ ಆ ಸೀಮೆಗೆ ಹತ್ತಿರವಾದ ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿ ಇನ್ನೆರಡು ವರ್ಷ ಕಾಯಬೇಕಾಯಿತು. ಮೊದಲ ಹಂತದ 200 ಜಿಲ್ಲೆಗಳಲ್ಲಿ ಕರ್ನಾಟಕದಿಂದ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಮಾತ್ರ ಇದ್ದವು. ಶಿಡ್ಲಘಟ್ಟವನ್ನು ಒಳಗೊಂಡು 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಕಾಯ್ದೆ ಅನ್ವಯವಾದದ್ದು 2008ರ ಏಪ್ರಿಲ್ 1ರಂದು, ದೇಶದ ಉಳಿದೆಲ್ಲ ಗ್ರಾಮೀಣ ಜಿಲ್ಲೆಗಳ ಜೊತೆಗೆ.

ಈ ಸೀಮೆಗೆ ಅದರ ಅಗತ್ಯ ಎಷ್ಟಿತ್ತು ಎಂಬುದು ನೀರಿನಿಂದಲೇ ತಿಳಿಯುತ್ತದೆ. ಉತ್ತರ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ ಎಲ್ಲವೂ ನಂದಿ ಬೆಟ್ಟದ ಸುತ್ತಮುತ್ತ ಹುಟ್ಟುತ್ತವೆ. ಆದರೆ ಯಾವುದೂ ಇಲ್ಲಿ ವರ್ಷವಿಡೀ ಹರಿಯುವುದಿಲ್ಲ. ಹಿಂದಿನವರು ಮಳೆ ನೀರನ್ನು ಕೆರೆಗಳಲ್ಲಿ ಹಿಡಿದಿಟ್ಟು ಬದುಕಿದರು. ತೂಬು ಎತ್ತಿ ಸರದಿಯಂತೆ ನೀರು ಬಿಡಲು ನೀರಗಂಟಿ ಇದ್ದ. ಕೆರೆಯಲ್ಲಿ ಹೂಳು ತುಂಬಿತು, ಬಾವಿ ಬತ್ತಿತು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಕೊಳವೆಬಾವಿ ಕೊರೆಸುವ ಶಕ್ತಿ ಇದ್ದವರು ಹಿಪ್ಪುನೇರಳೆ, ದ್ರಾಕ್ಷಿ, ಟೊಮೆಟೊ ಬೆಳೆದರು. ಇಲ್ಲದವರಿಗೆ ಉಳಿದದ್ದು ಮಳೆ ನಂಬಿದ ರಾಗಿ, ಅವರೆ, ಕಡಲೆಕಾಯಿ. ಕಣ ಮುಗಿದ ಮೇಲೆ ಮುಂದಿನ ಮುಂಗಾರಿನವರೆಗೆ ಅವರ ಕೈ ಖಾಲಿ. ಆಗ ಒಂದೋ ಬೆಂಗಳೂರಿನ ಗಾರೆ ಕೆಲಸ, ಇಲ್ಲವೇ ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಘಟಕ, ಅದೂ ಆಗದಿದ್ದರೆ ಸಾಲ.

ಸಾಲ ಎಂದರೆ ಒಂದು ಕಾಲಕ್ಕೆ ಜೀತ ಎಂದೇ ಅರ್ಥ. ಅಪ್ಪ ತಂದ ಮುಂಗಡಕ್ಕೆ ಮಗ ದುಡಿಯುತ್ತಿದ್ದ. ಕೆಲಸ ಬೇಕು ಎನ್ನುವುದಾಗಲಿ, ಈ ಕೆಲಸ ಬೇಡ ಎನ್ನುವುದಾಗಲಿ ಅವನ ಕೈಯಲ್ಲಿರಲಿಲ್ಲ. 1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯ್ದೆಯಾದ ಜೀತ ಪದ್ಧತಿ ನಿರ್ಮೂಲನಾ ಕಾನೂನು ಆ ಸಾಲಗಳನ್ನೇ ರದ್ದುಮಾಡಿತು. ರಾಜ್ಯದಲ್ಲಿ ದೇವರಾಜ ಅರಸು ಸರ್ಕಾರ ಅದೇ ವರ್ಷ ಬಡವರ ಖಾಸಗಿ ಸಾಲಗಳಿಗೆ ಪರಿಹಾರದ ಕಾನೂನನ್ನೂ ತಂದಿತು. 70ರ ದಶಕದ ಕೊನೆಯಿಂದ ಬಾಗೇಪಲ್ಲಿ ಕಡೆ ಬೆಳೆದ ಕೂಲಿ ಸಂಘಗಳು ಸಣ್ಣ ರೈತರನ್ನೂ ಭೂಹೀನರನ್ನೂ ಒಟ್ಟಿಗೆ ಕೂರಿಸಿದವು. ಜೀತದಿಂದ ಬಿಡುಗಡೆಯಾದವರಿಗೆ ಈಗ ಪುನರ್ವಸತಿ ನೆರವಿದೆ. 2016ರ ಯೋಜನೆಯಂತೆ ವಯಸ್ಕ ಪುರುಷರಿಗೆ 1 ಲಕ್ಷ ರೂಪಾಯಿ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ 3 ಲಕ್ಷ. ಆದರೆ ಬಿಡಿಸಿಕೊಂಡ ಮನುಷ್ಯನಿಗೆ ಮರುದಿನದ ಕೂಲಿ ಸಿಗದಿದ್ದರೆ ಅವನು ಮತ್ತೆ ಅದೇ ಧಣಿಯ ಮನೆಯ ಮುಂದೆ ನಿಲ್ಲುತ್ತಾನೆ. ಕೆಲಸದ ಖಾತ್ರಿ ಇಲ್ಲದೆ ಜೀತ ವಿಮುಕ್ತಿ ಪೂರ್ಣವಾಗುವುದಿಲ್ಲ ಎನ್ನುವುದು ಇದಕ್ಕಾಗಿಯೇ.

ಬರಗಾಲದಲ್ಲಿ ಜನರಿಗೆ ಕೆಲಸ ಕೊಟ್ಟು ಅನ್ನ ಕೊಡುವುದು ಹೊಸದಲ್ಲ. ಮೈಸೂರು ಸಂಸ್ಥಾನದ 1876–78ರ ಭೀಕರ ಬರದಲ್ಲಿ ಪರಿಹಾರ ಕಾಮಗಾರಿಗಳು ನಡೆದವು. ಬೆಂಗಳೂರು–ಮೈಸೂರು ರೈಲು ದಾರಿಯ ಕೆಲಸ ಮೊದಲಾದದ್ದೂ ಹಾಗೆಯೇ. ಆದರೆ ಅದು ದೊರೆ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವಂಥದ್ದು. 1972ರ ಬರದ ಹೊತ್ತಿನಲ್ಲಿ ಮಹಾರಾಷ್ಟ್ರ ಶುರುಮಾಡಿದ ಉದ್ಯೋಗ ಖಾತ್ರಿ ಯೋಜನೆ, 1977ರಲ್ಲಿ ಅದಕ್ಕೆ ಸಿಕ್ಕ ಕಾನೂನಿನ ಬಲ, ಆ ಕೊಡುಗೆಯನ್ನು ಹಕ್ಕಾಗಿಸಿದವು. 2005ರ ಕಾಯ್ದೆ ಅದೇ ಬೇರಿನಿಂದ ಚಿಗುರಿದ್ದು.

ಕಾಯ್ದೆಯ ಜೀವ ಇರುವುದು ಒಂದು ಹಾಳೆಯಲ್ಲಿ. ಅದರ ಹೆಸರು ನಮೂನೆ-6. ಉದ್ಯೋಗ ಚೀಟಿ ಇರುವ ಮನೆಯ ವಯಸ್ಕರು ಯಾರೇ ಆಗಲಿ, ತಮಗೆ ಯಾವ ದಿನದಿಂದ ಎಷ್ಟು ದಿನ ಕೆಲಸ ಬೇಕು ಎಂದು ಆ ನಮೂನೆ ತುಂಬಿ ಗ್ರಾಮ ಪಂಚಾಯಿತಿಗೆ ಕೊಡಬೇಕು. ಪಂಚಾಯಿತಿ ದಿನಾಂಕ ಹಾಕಿದ ರಸೀದಿ ಕೊಡಬೇಕು. ಅಲ್ಲಿಂದ 15 ದಿನದೊಳಗೆ ಕೆಲಸ ಸಿಗಬೇಕು. ಸಿಗದಿದ್ದರೆ ನಿರುದ್ಯೋಗ ಭತ್ಯೆ: ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಕೆಲಸ ಊರಿನಿಂದ 5 ಕಿಲೋಮೀಟರ್ ಒಳಗಿರಬೇಕು, ಅದಕ್ಕಿಂತ ದೂರವಾದರೆ ಶೇ 10 ಹೆಚ್ಚು ಕೂಲಿ. 2005ರ ಕಾಯ್ದೆಯಲ್ಲಿ ಒಂದು ಮನೆಗೆ ವರ್ಷಕ್ಕೆ 100 ದಿನ ಎಂದಿತ್ತು.

ಇಷ್ಟು ಸರಳವಾದ ಏರ್ಪಾಡು ಎಡವುವುದು ರಸೀದಿಯ ಹತ್ತಿರವೇ. ಕೂಲಿಯ ಹಣ ಪೂರ್ತಿ ಕೇಂದ್ರದ್ದು, ನಿರುದ್ಯೋಗ ಭತ್ಯೆ ರಾಜ್ಯದ್ದು ಎಂದು ಕಾಯ್ದೆ ಹೊರೆ ಹಂಚಿತು. ಕೆಲಸ ಕೊಡದಿರುವ ತಪ್ಪಿಗೆ ರಾಜ್ಯ ದಂಡ ತೆರಲಿ ಎಂಬುದು ಅದರ ಉದ್ದೇಶ. ನಡೆದದ್ದು ಬೇರೆ. ದಿನಾಂಕ ಹಾಕಿದ ರಸೀದಿ ಕೊಟ್ಟರೆ ಭತ್ಯೆಯ ಲೆಕ್ಕ ಶುರುವಾಗುತ್ತದೆ. ಆದ್ದರಿಂದ ಅರ್ಜಿಯನ್ನು ಬಾಯಿಮಾತಿನಲ್ಲಿ ಕೇಳಿಸಿಕೊಂಡು, ಕಾಮಗಾರಿ ಮಂಜೂರಾದ ದಿನ ಅರ್ಜಿ ಬರೆಸಿಕೊಳ್ಳುವ ರೂಢಿ ದೇಶದ ಎಷ್ಟೋ ಕಡೆ ಬೆಳೆಯಿತು. ಕಾಗದದಲ್ಲಿ ನೋಡಿದರೆ ಕೇಳಿದವರಿಗೆಲ್ಲ ಕೆಲಸ ಸಿಕ್ಕಿದೆ. ಕೇಳಿ ಬರಿಗೈಲಿ ಮನೆಗೆ ಹೋದವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಮನೆಯಲ್ಲಿ ತೆಲುಗು ಆಡಿ ಪಂಚಾಯಿತಿಯಲ್ಲಿ ಕನ್ನಡದ ನಮೂನೆ ತುಂಬಬೇಕಾದ, ಅದರಲ್ಲೂ ಓದು ಬರಹ ಇಲ್ಲದ ಗಡಿ ಸೀಮೆಯ ಕೂಲಿಯವರಿಗೆ ಆ ರಸೀದಿಯನ್ನು ಪಟ್ಟುಹಿಡಿದು ಪಡೆಯುವುದು ಸುಲಭವಲ್ಲ. ಕರ್ನಾಟಕ ಇದಕ್ಕೊಂದು ದಾರಿ ಹುಡುಕಿತು. ಕೂಲಿಗೆ ಹೋಗಿ ಅನುಭವವಿರುವ ಊರಿನ ಹೆಣ್ಣುಮಕ್ಕಳನ್ನೇ ಪಂಚಾಯಿತಿಗೊಬ್ಬರಂತೆ ‘ಗ್ರಾಮ ಕಾಯಕ ಮಿತ್ರ’ರನ್ನಾಗಿ ನೇಮಿಸಿತು. ಅರ್ಜಿ ತುಂಬಿಸುವುದು, ಕೆಲಸದ ಬೇಡಿಕೆ ದಾಖಲಿಸುವುದು ಅವರ ಹೊಣೆ. ಕೂಲಿ ಗುಂಪಿನ ಮೇಲುಸ್ತುವಾರಿ ನೋಡುವವರನ್ನು ‘ಕಾಯಕ ಬಂಧು’ ಎಂದು ಕರೆದರು. ಮೇಟಿ, ಮೇಸ್ತ್ರಿ ಎನ್ನುವ ಹಳೆಯ ಹೆಸರುಗಳಿಗಿಂತ ಇದು ಎಷ್ಟೋ ಗೌರವದ್ದು.

ಕೆರೆಯ ಹೂಳೆತ್ತುವ ಕೆಲಸದಲ್ಲಿ ಕೂಲಿ ಹೇಗೆ ಲೆಕ್ಕವಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಬಿಸಿಲೇರುವ ಮುನ್ನ ಗುಂಪು ಅಂಗಳಕ್ಕೆ ಇಳಿಯುತ್ತದೆ. ಗಂಡಸರು ಗುದ್ದಲಿ ಹಿಡಿದರೆ ಹೆಂಗಸರ ತಲೆಯ ಮೇಲೆ ಸಿಂಬಿ, ಅದರ ಮೇಲೆ ಬಾಂಡಲಿ. ಪ್ರತಿ ಗುಂಪಿಗೂ ಇಷ್ಟುದ್ದ, ಇಷ್ಟಗಲ, ಇಷ್ಟು ಆಳ ಎಂದು ಗುಂಡಿಯ ಅಳತೆ ಗೊತ್ತುಮಾಡಿರುತ್ತಾರೆ. ಆಳ ಎಷ್ಟಾಯಿತೆಂದು ತೋರಿಸಲು ನಡುವೆ ಮಣ್ಣಿನ ದಿಂಡೊಂದನ್ನು ಅಗೆಯದೆ ಬಿಡುತ್ತಾರೆ. ವಾರದ ಕೊನೆಗೆ ಎಂಜಿನಿಯರ್ ಟೇಪು ಹಿಡಿದು ಅಳೆದು ಬರೆದುಕೊಂಡ ಮೇಲೆಯೇ ಕೂಲಿ. ಗಟ್ಟಿ ನೆಲ ಸಿಕ್ಕಿ ಗುಂಡಿ ಆಳವಾಗದಿದ್ದರೆ ಕೂಲಿಯೂ ಕಡಿಮೆಯಾಗುತ್ತದೆ. ಪೂರ್ತಿ ಅಳತೆ ಮುಗಿಸಿದವರಿಗೆ ಕರ್ನಾಟಕದಲ್ಲಿ 2024–25ರಲ್ಲಿ ದಿನಕ್ಕೆ 349 ರೂಪಾಯಿ, 2025–26ರಲ್ಲಿ 370 ರೂಪಾಯಿ ಇತ್ತು. ಹಿರಿಯರಿಗೂ ಅಂಗವಿಕಲರಿಗೂ ಅಳತೆಯಲ್ಲಿ ಅರ್ಧ ರಿಯಾಯಿತಿ ಇದೆ, ಕೂಲಿ ಮಾತ್ರ ಪೂರ್ತಿ. ಹೆಣ್ಣು ಗಂಡೆಂಬ ಭೇದವಿಲ್ಲದೆ ಒಂದೇ ದರ. ಹೊಲದ ಕೆಲಸದಲ್ಲಿ ಗಂಡಾಳಿಗೊಂದು ಹೆಣ್ಣಾಳಿಗೊಂದು ಎಂದು ಕೂಲಿ ಕೊಡುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಕೆಲಸ ಪಡೆಯುವವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿರಬೇಕೆಂದು ಕಾಯ್ದೆ ಹೇಳಿತ್ತು. ದೇಶದಲ್ಲಿ ಅವರ ಪಾಲು ಅರ್ಧವನ್ನು ದಾಟಿದೆ.

ಗುತ್ತಿಗೆದಾರರಿಗೆ ಇಲ್ಲಿ ಜಾಗವಿಲ್ಲ, ಕೈಕೆಲಸ ಕಸಿಯುವ ಯಂತ್ರಕ್ಕೂ ಇಲ್ಲ. ಆದರೂ ರಾತ್ರಿ ಜೆಸಿಬಿ ಬಂದು ಹೋದ ದೂರುಗಳು ಎಲ್ಲ ಕಡೆ ಕೇಳಿಬಂದವು. ಅದನ್ನು ತಡೆಯಲೆಂದು 2023ರ ಜನವರಿಯಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಬಾರಿ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. 2024ರ ಜನವರಿಯಿಂದ ಕೂಲಿ ಆಧಾರ್ ಮೂಲಕವೇ ಬರುತ್ತದೆ. ಕಳ್ಳ ಹೆಸರುಗಳನ್ನು ಹಿಡಿಯಲು ಇವು ಬೇಕೇ ಬೇಕು ಎನ್ನುವವರಿದ್ದಾರೆ. ಆದರೆ ಬಂಡೆ ಗುಡ್ಡಗಳ ನಡುವಿನ ಊರಲ್ಲಿ ಸಿಗ್ನಲ್ ಸಿಗದೆ ಫೋಟೊ ಹೋಗದಿದ್ದರೆ, ಆಧಾರ್‌ನಲ್ಲಿ ಒಂದು ಅಕ್ಷರ ತಪ್ಪಿದ್ದರೆ, ನಷ್ಟ ಬಿಸಿಲಲ್ಲಿ ಮಣ್ಣು ಹೊತ್ತವರದ್ದೇ. ಆರು ತಿಂಗಳಿಗೊಮ್ಮೆ ಗ್ರಾಮಸಭೆಯಲ್ಲಿ ಎಲ್ಲರೆದುರು ಲೆಕ್ಕ ಓದುವ ಸಾಮಾಜಿಕ ಪರಿಶೋಧನೆಯನ್ನು ಗಟ್ಟಿಯಾಗಿ ನಡೆಸಿದರೆ ಕಳ್ಳತನವೂ ಸಿಗುತ್ತದೆ, ಕೂಲಿಯೂ ತಪ್ಪುವುದಿಲ್ಲ.

ಸಾದಲಿ ಸೀಮೆಗೆ ಖಾತ್ರಿ ಯೋಜನೆಯಿಂದ ಸಿಗಬಹುದಾದ ದೊಡ್ಡ ಲಾಭ ಇರುವುದು ಸ್ವಂತ ಜಮೀನಿನ ಕೆಲಸದಲ್ಲಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಲೆಮಾರಿಗಳು, ಬಡತನ ರೇಖೆಗಿಂತ ಕೆಳಗಿನವರು, ಮಹಿಳೆ ಅಥವಾ ಅಂಗವಿಕಲರೇ ಯಜಮಾನರಾದ ಕುಟುಂಬಗಳು, ಭೂಸುಧಾರಣೆಯಲ್ಲಿ ಜಮೀನು ಪಡೆದವರು, ಅವರ ನಂತರ ಸಣ್ಣ ಮತ್ತು ಅತಿ ಸಣ್ಣ ರೈತರು ತಮ್ಮ ಹೊಲದಲ್ಲಿ ತಾವೇ ದುಡಿದು ಕೂಲಿ ಪಡೆಯಬಹುದು. ಬದು, ಕೃಷಿ ಹೊಂಡ, ದನದ ಕೊಟ್ಟಿಗೆ ಎಲ್ಲವೂ ಇದರಲ್ಲಿವೆ. ಈ ಜಿಲ್ಲೆಯ ಮಟ್ಟಿಗೆ ಮುಖ್ಯವಾದದ್ದು ಹಿಪ್ಪುನೇರಳೆ ತೋಟ. ರೇಷ್ಮೆ ಇಲಾಖೆಯ ಜೊತೆ ಸೇರಿ ನಡೆಯುವ ಈ ಕಾಮಗಾರಿಯಲ್ಲಿ ಉಳುಮೆ, ಗುಂಡಿ, ನಾಟಿ, ಕಳೆ ತೆಗೆಯುವ ದಿನಗಳಿಗೆಲ್ಲ ಕೂಲಿ ಮನೆಯವರ ಖಾತೆಗೇ ಬರುತ್ತದೆ.

ಇದರ ಬೆಲೆ ಗೊತ್ತಾಗಬೇಕಾದರೆ ರೇಷ್ಮೆ ಹುಳುವಿನ ಬದುಕು ಗೊತ್ತಿರಬೇಕು. ಮೊಟ್ಟೆ ಒಡೆದು ಗೂಡು ಕಟ್ಟುವವರೆಗೆ ಹುಳುವಿಗೆ ಇಪ್ಪತ್ತೈದು ದಿನದ ಆಸುಪಾಸು ಆಯಸ್ಸು. ನಡುವೆ ನಾಲ್ಕು ಸಲ ಸೊಪ್ಪು ಬಿಟ್ಟು ಪೊರೆ ಕಳಚುತ್ತದೆ. ಸಾಕುವವರು ಅದನ್ನು ‘ಜ್ವರ’ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲಿ ಅದು ಜೀವಮಾನದ ಸೊಪ್ಪಿನ ಬಹುಪಾಲನ್ನು ತಿಂದುಬಿಡುತ್ತದೆ. ಆ ವಾರ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಹುಳು ಹಣ್ಣಾದಾಗ ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಬಳಿಕ ಗೂಡು ಬಿಡಿಸಿ ಶಿಡ್ಲಘಟ್ಟದ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಒಯ್ದರೆ ಹರಾಜು. ಹೀಗೆ ವರ್ಷಕ್ಕೆ ಐದಾರು ಬೆಳೆ. ಬೇರೆಯವರ ಹುಳು ಮನೆಯಲ್ಲಿ ಕೂಲಿಗಿದ್ದ ಕುಟುಂಬಕ್ಕೆ ಈ ವಿದ್ಯೆಯೆಲ್ಲ ಗೊತ್ತಿದೆ. ಅದಕ್ಕೆ ಇಲ್ಲದ್ದು ನಾಟಿ ಮಾಡಿ ಮೊದಲ ಸೊಪ್ಪು ಕೊಯ್ಯುವವರೆಗಿನ ಅರ್ಧ ವರ್ಷ ಕಾಯುವ ಶಕ್ತಿ. ಆ ಅರ್ಧ ವರ್ಷಕ್ಕೆ ಸಾಲವಲ್ಲದ ಆಸರೆಯಾದದ್ದು ಖಾತ್ರಿ ಕೂಲಿ. ಕೂಲಿಯವನು ಗೂಡು ಮಾರುವವನಾಗುವ ದಾರಿ ಇದು. ನೀರಿಲ್ಲದ ಅರ್ಧ ಎಕರೆಯವರಿಗೂ ಜಮೀನೇ ಇಲ್ಲದವರಿಗೂ ಅದು ಇನ್ನೂ ಮುಚ್ಚಿಯೇ ಇದೆ. ಹೊಂಡ, ಬದು, ಕೆರೆಯ ಕೆಲಸ ಮೊದಲಾಗಬೇಕಾದದ್ದು ಅದಕ್ಕೇ.

ಓದಿದ ಮಕ್ಕಳ ದಾರಿ ಬೇರೆ. ಅವರಿಗಾಗಿ ಇರುವ ನೀತಿಗಳಲ್ಲಿ ಹಳೆಯದು ಮೀಸಲಾತಿ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ, ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಜಾತಿಗಳಿಗೆ ಪಾಲು ಸಿಗಬೇಕೆಂದಿತು. 1921ರಲ್ಲಿ ಆದೇಶ ಹೊರಟಿತು. ಇದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ ದಿವಾನಗಿರಿ ಬಿಡಲು ಈ ವಿಚಾರದ ಭಿನ್ನಾಭಿಪ್ರಾಯವೂ ಒಂದು ಕಾರಣ. ಸ್ವಾತಂತ್ರ್ಯದ ನಂತರ, ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗಳಿಗೆ ತಿಳಿಸಲೇಬೇಕೆಂಬ 1959ರ ಕಾಯ್ದೆ ಬಂತು. 1982ರಲ್ಲಿ ಧರ್ಮಸ್ಥಳ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ತೆರೆದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಕೊಟ್ಟು ಸ್ವಯಂ ಉದ್ಯೋಗದ ತರಬೇತಿ ಕೊಟ್ಟಿತು. ಅದೇ ಮಾದರಿಯ ಕೇಂದ್ರಗಳು ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿವೆ. 2024ರ ಜನವರಿ 12ರಂದು ರಾಜ್ಯದಲ್ಲಿ ಜಾರಿಯಾದ ಯುವನಿಧಿ, ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಉದ್ಯೋಗ ಯೋಜನೆ ಎಂಬ ಹೆಸರಿಲ್ಲದೆ ಉದ್ಯೋಗಕ್ಕೆ ನೆರವಾದದ್ದು 2023ರ ಜೂನ್ 11ರಿಂದ ಬಂದ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ. ಬಸ್ಸಿನ ದುಡ್ಡು ಕೂಲಿಯನ್ನು ನುಂಗುತ್ತಿದ್ದ ದೂರದ ಕೆಲಸಕ್ಕೂ ಹೆಣ್ಣುಮಕ್ಕಳು ಈಗ ಹೋಗಿಬರಬಹುದು, ಸರ್ಕಾರಿ ಬಸ್ಸು ಊರಿಗೆ ಬಂದರೆ.

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ‘ವಿಕಸಿತ ಭಾರತ–ಜಿ ರಾಮ್ ಜಿ’ ಎಂಬ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಖಾತ್ರಿಯ ದಿನಗಳು 100ರಿಂದ 125ಕ್ಕೆ ಏರಿದವು. ಕೇಂದ್ರವೇ ಪೂರ್ತಿ ಹೊರುತ್ತಿದ್ದ ಕೂಲಿಯ ವೆಚ್ಚದಲ್ಲೂ ಕರ್ನಾಟಕದಂಥ ರಾಜ್ಯಗಳ ಪಾಲು ಶೇ 40 ಆಯಿತು. ಬಿತ್ತನೆ, ಕಟಾವಿನ ಹಂಗಾಮಿನಲ್ಲಿ ಹೊಲಕ್ಕೆ ಆಳು ಸಿಗಲೆಂದು ವರ್ಷಕ್ಕೆ ಒಟ್ಟು 60 ದಿನ ಖಾತ್ರಿ ಕೆಲಸ ನಿಲ್ಲಿಸಲು ಅವಕಾಶ ಕೊಡಲಾಗಿದೆ. ಆ ದಿನಗಳನ್ನು ಪ್ರದೇಶಕ್ಕೆ ತಕ್ಕಂತೆ ಗೊತ್ತುಮಾಡಿ ಅಧಿಸೂಚನೆ ಹೊರಡಿಸಬೇಕಾದದ್ದು ರಾಜ್ಯ. ರಾಗಿ ಬೆಳೆಯುವ ಊರಿಗೆ ಹಂಗಾಮು ಯಾವುದೆಂದು ಹೇಳುವುದು ಕಷ್ಟವಲ್ಲ. ಎರಡು ತಿಂಗಳಿಗೊಮ್ಮೆ ಹುಳು ನಾಲ್ಕನೇ ಜ್ವರ ಏಳುವ ಸಾದಲಿ ಕಡೆಯ ಮನೆಗಳಿಗೆ ಆಳು ಬೇಕಾಗುವ ವಾರವೂ ಮನೆಯವರ ಕೈ ಬಿಡುವಾಗುವ ವಾರವೂ ಮನೆಯಿಂದ ಮನೆಗೆ ಬೇರೆ. ಅಲ್ಲಿ ಕೆಲಸ ಯಾವಾಗ ಬೇಕೆಂದು ಹೇಳಬಲ್ಲವರು ನಮೂನೆ ತುಂಬುವ ಆ ಮನೆಯವರೇ.